ಯಾರ ಪಾಲಿಗೂ ಬಾರದ ಗುಂಡಿ

ಹುಣಸಮಾರನಹಳ್ಳಿಯಲ್ಲಿ ನಮ್ಮ ಹೊಲವಿದ್ದ ಕಡೆ ಈಗ ವಿಮಾನ ನಿಲ್ದಾಣದ ರಸ್ತೆಯಿದೆ. ಹೊಲ ಹೋದರೂ ಅಮ್ಮನಿಗೆ ಸೋಮವಾರದ ಬಿಡುವು ತಪ್ಪಲಿಲ್ಲ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡಬಾರದು ಎಂಬುದು ನಮ್ಮವರ ಕಟ್ಟಳೆ. ಎತ್ತುಗಳೇ ಇಲ್ಲದ ಮೇಲೆ ಅಮ್ಮ ಆ ದಿನವನ್ನು ತನ್ನ ತಂಗಿಗೆ ಕೊಟ್ಟಳು. ಲಕ್ವ ಹೊಡೆದು ಕೆಂಪಾಪುರದಲ್ಲಿ ಮಲಗಿರುವ ಚಿಕ್ಕಮ್ಮನಿಗೆ ಅಕ್ಕನಲ್ಲದೆ ಬೇರೆ ಯಾರು ತಲೆಗೆ ನೀರು ಹಾಕಿದರೂ ಆಗದು. ಹಾಗಾಗಿ ಬೆಳಿಗ್ಗೆಯೇ ಸೀಗೆಪುಡಿಯ ಡಬ್ಬಿ ಹಿಡಿದು ಅಮ್ಮ ಬಸ್ ಹತ್ತಲೇಬೇಕು.

ಬಸ್ ಸ್ಟಾಪಿನ ಮುಂದೆ ಚರಂಡಿಯ ಚಪ್ಪಡಿ ಒಡೆದು ಬಾಯಿ ಬಿಟ್ಟಿತ್ತು. ಹೇಳೋಣವೆಂದು ಹೋದೆ. ಹೆದ್ದಾರಿ ಮಾತ್ರ ನಮ್ಮದು, ಸರ್ವಿಸ್ ರಸ್ತೆ ರಾಜ್ಯದ್ದು ಎಂದರು ಕೇಂದ್ರದ ಕಚೇರಿಯವರು. ರಾಜ್ಯದವರು, ಚರಂಡಿ ಊರಿನ ಆಡಳಿತದ್ದು ಎಂದರು. ಊರಿನ ಕಚೇರಿಯಲ್ಲಿ ಒಬ್ಬ ಫೈಲಿನಿಂದ ತಲೆಯೆತ್ತದೆ, "ಹೈವೇ ಪಕ್ಕದ್ದು ನಮ್ಗೆ ಬರಲ್ಲ ಕಣ್ರೀ, ಅದು ದಿಲ್ಲೀದು," ಎಂದ. ಮೈಯೆಲ್ಲ ಉರಿದುಹೋಯಿತು. ದೇಶ ಆಳುವವರು ಒಂದು ರಸ್ತೆಯನ್ನು ದಾಯಾದಿಗಳ ಹಾಗೆ ಪಾಲು ಮಾಡಿಕೊಂಡಿದ್ದಾರೆ. ಗುಂಡಿ ಮಾತ್ರ ಯಾರ ಪಾಲಿಗೂ ಬಂದಿಲ್ಲ.

"ನಮ್ಮೊಲದಾಗೆ ತಾನೆ ಐತೆ? ಇಂಗೆ ಯಾರ್ಯಾರ್ನ ಕೇಳ್ಕೊಂಡ್ ತಿರುಗ್ತೀಯ? ಒಂದ್ ಕಲ್ಲು ಎತ್ತಾಕು," ಎಂದಳು ಅಮ್ಮ.

ಬಿಟ್ಟುಕೊಟ್ಟ ಭೂಮಿಯನ್ನು ಇನ್ನೂ ನಮ್ಮದೇ ಎಂದುಕೊಳ್ಳುವುದು ನಮ್ಮೂರಿನವರ ದಡ್ಡತನ. ಆದರೆ ಆ ಹೊತ್ತಿಗೆ ನನಗೂ ಅದೇ ಸರಿಯೆನಿಸಿತು. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲನ್ನು ಅಕ್ಕಪಕ್ಕದವರ ಜೊತೆ ಹೊತ್ತು ತಂದು ಗುಂಡಿ ಮುಚ್ಚಿದೆ. ಅಮ್ಮ ಅದರ ಮೇಲೆ ನಿಂತು ಕಾಲಿನಿಂದ ಕುಟ್ಟಿ ನೋಡಿ ನಕ್ಕಳು.

ಕಲ್ಲು ಬಿದ್ದದ್ದೇ ತಡ, ರಸ್ತೆಗೆ ಯಜಮಾನ ಹುಟ್ಟಿಕೊಂಡ. ಒಂದು ಭಾನುವಾರ ಸಂಜೆ ಯಾವ ಕಚೇರಿಯದೋ ಲಾರಿ ಬಂದು, ಒತ್ತುವರಿ ಎಂದು ಹೇಳಿ ಕಲ್ಲನ್ನು ಎತ್ತಿಕೊಂಡು ಹೋಯಿತಂತೆ. ಟೀ ಅಂಗಡಿಯವನು ಅದನ್ನು ಹೇಳಿದ್ದು ಎಲ್ಲ ಮುಗಿದ ಮೇಲೆ. ಮರುದಿನ ಬೆಳಿಗ್ಗೆ ಬಸ್ ಬಂದಿತೆಂದು ಅಮ್ಮ ನೆಲ ನೋಡದೆ ಹೆಜ್ಜೆಯಿಟ್ಟಿದ್ದಳು. ಕಲ್ಲು ಇದೆಯಲ್ಲ ಎಂಬ ಧೈರ್ಯ.

ಸೊಂಟ ಮುರಿದು ಅವಳೂ ಈಗ ಹಾಸಿಗೆ ಹಿಡಿದಿದ್ದಾಳೆ. ಆ ಲಾರಿ ನಮ್ಮದಲ್ಲ ಎಂದು ಮೂರು ಕಚೇರಿಯವರೂ ಹೇಳಿದರು. ಅವರಲ್ಲಿ ಒಬ್ಬರನ್ನೂ ನಾನು ಕ್ಷಮಿಸಲಾರೆ.

ಚಿಕ್ಕಮ್ಮನಿಗೆ ನಾವು ವಿಷಯ ತಿಳಿಸಿಲ್ಲ. ಸೋಮವಾರ ಬಂದರೆ ಫೋನ್ ಮಾಡಿಸುತ್ತಾಳೆ: "ಅಕ್ಕಾ, ತಲೆ ಕಡೀತದೆ, ಯಾವಾಗ್ ಬತ್ತೀಯ?"

ಅಮ್ಮ ಮಲಗಿದಲ್ಲಿಂದಲೇ ಹೇಳುತ್ತಾಳೆ: "ಬತ್ತೀನಿ ಕಣವ್ವ. ಇವತ್ತೂ ಬಸ್ ಸಿಗ್ಲಿಲ್ಲ."