ನಿಂಫಾಳ ಪಥ್ಯ

ಪಲೆರ್ಮೊದ ಬಲ್ಲಾರೋ ಸಂತೆಯಲ್ಲಿ ನಲವತ್ತೆಂಟು ವರ್ಷ ತರಕಾರಿ ಮಾರಿದ ನಿಂಫಾಳಿಗೆ ಗಿರಾಕಿಗಳೆಂದರೆ ಮೊದಲಿನಿಂದಲೂ ತಾತ್ಸಾರ. ಅದರಲ್ಲೂ ಆರೋಗ್ಯಕ್ಕೆಂದು ತಿನ್ನುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. ಹಸಿದು ತಿನ್ನಬೇಕು, ಇಲ್ಲವೇ ರುಚಿಗೆ ತಿನ್ನಬೇಕು. ರೇಡಿಯೊ ಹೇಳಿತೆಂದು ತಿನ್ನುವುದೂ ಒಂದು ಊಟವೇ?

ನಿವೃತ್ತ ಟೀಚರು ಫಿಯಮ್ಮೆತ್ತಾ ಅಂಥವರಲ್ಲೊಬ್ಬರು. ಒಂದು ದಿನ ಸ್ಪಾರಚೆಲ್ಲಿಯ ಕಟ್ಟನ್ನು ಮಗುವಿನಂತೆ ಎತ್ತಿಕೊಂಡು ನಿಂತರು.

"ನಿಂಗೆ ಗೊತ್ತಾ ನಿಂಫಾ, ಇದು ತಿಂದ್ರೆ ಮೂಳೆ ಗಟ್ಟಿಯಾಗುತ್ತಂತೆ, ಕಣ್ಣಿಗೆ ಒಳ್ಳೇದಂತೆ, ಕ್ಯಾನ್ಸರ್ ಹತ್ರ ಸುಳಿಯಲ್ವಂತೆ. ಹೃದಯಕ್ಕಂತೂ ಅಮೃತವಂತೆ! ನಮ್ಮೂರ ರೇಡಿಯೊದಲ್ಲಿ ಹೇಳಿದ್ರು."

"ನಮ್ಮಜ್ಜಿ ತೊಂಬತ್ತಾರು ವರ್ಷ ಇದನ್ನೇ ತಿಂದ್ಲು ಟೀಚರಮ್ಮ. ಮೂಳೆಗೆ ಒಳ್ಳೇದು ಅಂತ ಅವಳಿಗೆ ಯಾರೂ ಹೇಳಿರ್ಲಿಲ್ಲ, ಪಾಪ. ಒಂದು ಕಟ್ಟು ಸಾಕಾ, ಇಲ್ಲಾ ಇಡೀ ಅಸ್ಥಿಪಂಜರಕ್ಕೆ ಬೇಕಾ?"

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಲೋಕವೆಲ್ಲ ಬ್ರೊಕೊಲಿ ಎನ್ನುವುದಕ್ಕೆ ಪಲೆರ್ಮೊದಲ್ಲಿ ಸ್ಪಾರಚೆಲ್ಲಿ ಎಂದು ಹೆಸರು. ಪಲೆರ್ಮೊದವರು ಬ್ರೊಕೊಲಿ ಎಂದರೆ ಅದು ಹೂಕೋಸು. ಈ ಊರಿನ ಹೂಕೋಸು ಬೆಳ್ಳಗಲ್ಲ, ಹಸಿರಾಗಿಯೇ ಇರುತ್ತದೆ. ಹಾಲು ಕುಡಿಯುವ ಕೂಸಿಗೂ ಗೊತ್ತಿರುವ ಈ ವಿಷಯ ದೊಡ್ಡ ದೊಡ್ಡ ಓದು ಓದಿದವರಿಗೆ ಗೊತ್ತಿರುವುದಿಲ್ಲ.

ಆ ಚಳಿಗಾಲ ನಿಂಫಾಳ ಗಂಡ ಕೋಸಿಮೊನ ಹೃದಯಕ್ಕೆ ಹೊಸ ಕವಾಟ ಹಾಕಿದರು. ಆಸ್ಪತ್ರೆಯ ಡಾಕ್ಟರು ದೂರದ ಟುರಿನ್ನಿನ ಹುಡುಗ. ಮೀಸೆ ಇನ್ನೂ ನೆಟ್ಟಗೆ ಬಂದಿರಲಿಲ್ಲ.

"ರಕ್ತ ತೆಳ್ಳಗೆ ಮಾಡೋ ಮಾತ್ರೆ, ದಿನಾ ಕೊಡಿ. ಹಸಿರು ಬ್ರೊಕೊಲಿ ಮಾತ್ರ ಮುಟ್ಟಿಸ್ಬೇಡಿ. ತಿಂದ್ರೆ ಮಾತ್ರೆ ಕೆಲಸ ಮಾಡಲ್ಲ, ರಕ್ತ ಹೆಪ್ಪುಗಟ್ಟುತ್ತೆ."

"ತರಕಾರಿ ವಿಷಯ ನನಗೆ ಎರಡು ಸಲ ಹೇಳ್ಬೇಡಪ್ಪಾ" ಎಂದಳು ನಿಂಫಾ.

ಅಂದಿನಿಂದಲೇ ಮನೆಯಲ್ಲಿ ಹೂಕೋಸು ಬಂದ್. ಹೂಕೋಸನ್ನು ಬೇಯಿಸಿ ಕಲೆಸಿ, ಒಣದ್ರಾಕ್ಷಿ, ಉಪ್ಪುಮೀನು ಹಾಕಿ ಮಾಡುವ ಭಾನುವಾರದ ಪಾಸ್ತಾ ಎಂದರೆ ಕೋಸಿಮೊನಿಗೆ ಪ್ರಾಣ. ಅವನು ಅಂಗಡಿಯ ಬುಟ್ಟಿಯಲ್ಲಿದ್ದ ಹೂಕೋಸನ್ನು ನೋಡುತ್ತ ಕೂರುತ್ತಿದ್ದ. ನಿಂಫಾ ಬುಟ್ಟಿಗೆ ಗೋಣಿ ಮುಚ್ಚಿದಳು.

ಟೀಚರನ್ನು ಸಂತೆಯ ನಡುವೆ ಆಡಿಕೊಂಡಿದ್ದ ಹೆಂಗಸು ಮನೆಯಲ್ಲಿ ಮಾಡಿದ್ದೇನು? ಹೃದಯಕ್ಕೆ ಅಮೃತ ಎಂಬ ಮಾತು ಅವಳೊಳಗೆ ಬೇರು ಬಿಟ್ಟಿತ್ತು. ಗಂಡ ಎಲ್ಲಿ ಕೈಬಿಟ್ಟು ಹೋಗುತ್ತಾನೋ ಎಂಬ ಹೆದರಿಕೆಯಲ್ಲಿ ಎರಡು ಹೊತ್ತೂ ಸ್ಪಾರಚೆಲ್ಲಿ ಬೇಯಿಸಿದಳು. ಕೋಸಿಮೊನಿಗೆ ಅದರ ವಾಸನೆಯೇ ಆಗದು.

"ಬಾಯಿ ತೆಗಿ. ಹೃದಯಕ್ಕೆ ಒಳ್ಳೇದು."

"ಯಾರು ಹೇಳಿದ್ದು?"

"ನಾನು ಹೇಳಿದ್ದು. ತಿನ್ನು."

ಅವನು ತಿಂದ. ಮೂರನೆಯ ತಿಂಗಳು ಒಂದು ಬೆಳಿಗ್ಗೆ ಗಡ್ಡ ಹೆರೆಯುತ್ತಿದ್ದಾಗ ಅವನ ಕೈಯಿಂದ ಕತ್ತಿ ಜಾರಿತು, ಬಾಯಿ ಓರೆಯಾಯಿತು. ಅಂಗಡಿ ತೆರೆಯುತ್ತಿದ್ದ ನಿಂಫಾ ಸುದ್ದಿ ತಿಳಿದು ಕೈಯಲ್ಲಿದ್ದ ತರಕಾರಿ ಚೀಲದ ಸಮೇತ ಆಸ್ಪತ್ರೆಗೆ ಓಡಿದಳು. ಜೀವ ಉಳಿದಿತ್ತು. ಬಲಗೈಯ ಬೆರಳು ಮಾತ್ರ ಮಡಚುತ್ತಿರಲಿಲ್ಲ.

ಟುರಿನ್ನಿನ ಹುಡುಗ ರಕ್ತಪರೀಕ್ಷೆಯ ಕಾಗದ ಹಿಡಿದು ಬಂದ. "ಎಷ್ಟು ದಿನದಿಂದ ಬ್ರೊಕೊಲಿ ತಿನ್ನಿಸ್ತಿದ್ದೀರಿ?"

"ಒಂದು ಚೂರೂ ಮುಟ್ಟಿಸಿಲ್ಲ."

"ಸುಳ್ಳು ಹೇಳ್ಬೇಡಿ ಅಮ್ಮ. ರಕ್ತವೇ ಹೇಳ್ತಿದೆ."

"ನಿನ್ನ ಕಾಗದಕ್ಕೆ ಬೆಂಕಿ ಬೀಳ! ದಿನಾ ಎರಡು ಹೊತ್ತು ಸ್ಪಾರಚೆಲ್ಲಿ ಹಾಕಿ ಸಾಕ್ತಿದ್ದೀನಿ!"

"ಹಾಗಂದ್ರೇನು?"

ಸ್ಪಾರಚೆಲ್ಲಿ ಗೊತ್ತಿಲ್ಲದವನು ಡಾಕ್ಟರಂತೆ! ನಿಂಫಾ ಚೀಲದಿಂದ ಒಂದು ಕಟ್ಟನ್ನು ತೆಗೆದು ಅವನ ಮುಖದ ಮುಂದೆ ಹಿಡಿದಳು.

"ಇದೇ ಬ್ರೊಕೊಲಿ" ಎಂದ ಅವನು.

"ಇದಾ? ಬ್ರೊಕೊಲಿ ಅಂದ್ರೆ ಗುಂಡಗೆ, ಗಟ್ಟಿಯಾಗಿ, ಸುತ್ತ ಎಲೆ..."

"ಅದು ಹೂಕೋಸು. ಹೂಕೋಸು ಬೇಡ ಅಂದವರಾರು?"

ಹಾಸಿಗೆಯಿಂದ ಕೋಸಿಮೊ ತೊದಲಿದ.

"ಹಂಗಾದ್ರೆ ಡಾಕ್ಟ್ರೇ... ಭಾನುವಾರದ ಪಾಸ್ತಾ... ತಿನ್ನಬಹುದಿತ್ತಾ?"

"ಧಾರಾಳವಾಗಿ."

ಟುರಿನ್ನಿಗೂ ಅದರ ಓದಿಗೂ ಹಾಕಬೇಕಾದ ಶಾಪಗಳೆಲ್ಲ ನಿಂಫಾಳ ನಾಲಿಗೆಯ ತುದಿಯಲ್ಲಿದ್ದವು. ಆದರೆ ಚಮಚ ಹಿಡಿದು ತಿನ್ನಿಸಿದ್ದು ಟುರಿನ್ನಲ್ಲ. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಕೋಸಿಮೊನ ಮಡಚದ ಬೆರಳುಗಳನ್ನು ಹಿಡಿದುಕೊಂಡಳು.

"ಬಯ್ಯಿ ನನ್ನ" ಎಂದಳು. "ಬಾಯಿಗೆ ಬಂದಂಗೆ ಬಯ್ಯಿ, ಕೋಸಿಮೊ."

ಅವನು ತುಟಿ ಅಲ್ಲಾಡಿಸಿದ. ಕೋಸಿಮೊನಿಗೆ ಬಯ್ಯಲು ಬರುತ್ತಿರಲಿಲ್ಲ; ಅಷ್ಟು ವರ್ಷದ ಸಂಸಾರದಲ್ಲಿ ಅದನ್ನು ಕಲಿಯಲು ಅವಳು ಬಿಟ್ಟಿರಲಿಲ್ಲ.