ಸುವರ್ಣಾ ಅಕ್ಕನ ನೀಹಾರಿಕೆಗಳು ಕದ್ದವಲ್ಲ

ನಂಬಲು ಆಗುತ್ತಿಲ್ಲ…
ನಂಬುವ ಮನಸ್ಸೂ ಇಲ್ಲ.

ಬೆಳಿಗ್ಗೆ ಬಸವಕಲ್ಯಾಣದ ನನ್ನ ಸ್ಟುಡಿಯೋ ಶಟರ್ ಎತ್ತುತ್ತಿದ್ದೆ. ಹುಮನಾಬಾದಿನಿಂದ ಸುವರ್ಣಾ ಅಕ್ಕನ ತಂಗಿ ಗೀತಾ ಫೋನ್ ಮಾಡಿದಳು.
"ಬಸಣ್ಣಾ… ಅಕ್ಕ ಹೋದ್ಳು."
"ಎಲ್ಲಿಗಿ?" ಎಂದು ಕೇಳಿಬಿಟ್ಟೆ.

ಎದೆನೋವು ಬಂತಂತೆ… ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತಂತೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಸುವರ್ಣಾ ಅಕ್ಕ ಹುಮನಾಬಾದಿನಲ್ಲಿ ಮದುವೆ ಆಲ್ಬಂ ಡಿಸೈನ್ ಮಾಡುತ್ತಿದ್ದರು. ನಮ್ಮ ಕಡೆಯ ಎಷ್ಟೋ ಮದುಮಕ್ಕಳ ಮುಖದ ಮೊಡವೆ ಮಾಯವಾಗಿದ್ದು ಅವರ ಕಂಪ್ಯೂಟರಿನಲ್ಲೇ. ನಾನು ತೆಗೆದ ಮಬ್ಬು ಫೋಟೋಗಳು ಜೀವ ಪಡೆದದ್ದೂ ಅಲ್ಲೇ…

ಮದುವೆ ಸೀಸನ್ ಮುಗಿದರೆ ಅಕ್ಕ ನೀಹಾರಿಕೆಗಳ ಹಿಂದೆ ಬೀಳುತ್ತಿದ್ದರು.
ನಕ್ಷತ್ರಗಳು ಹುಟ್ಟುವ ಮೋಡಗಳು ಅವು. ಬರಿಗಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ.
ಟೆಲಿಸ್ಕೋಪ್ ಇರಲಿಲ್ಲ. ಹಳೆಯ ಕ್ಯಾಮೆರಾ, ಒಂದು ಝೂಮ್ ಲೆನ್ಸ್, ಆಕಾಶ ಸರಿದಂತೆ ಕ್ಯಾಮೆರಾವನ್ನೂ ಸರಿಸುವ ಪುಟ್ಟ ಯಂತ್ರ… ಅಷ್ಟೇ.
ಒಂದೇ ಜಾಗದ ರಾಶಿ ಫೋಟೋ ತೆಗೆದು, ಒಂದರ ಮೇಲೊಂದು ಪೇರಿಸಿ, ಒಂದು ಚಿತ್ರ ಎಬ್ಬಿಸುತ್ತಿದ್ದರು.

ಒಮ್ಮೆ ಓರಿಯನ್ ನೀಹಾರಿಕೆಯ ಚಿತ್ರವನ್ನು ನಮ್ಮ ಫೋಟೋಗ್ರಾಫರ್ ಗ್ರೂಪಿನಲ್ಲಿ ಹಾಕಿದರು. ರೆಕ್ಕೆ ಬಿಚ್ಚಿದ ಗುಲಾಬಿ ಹಕ್ಕಿಯ ಹಾಗಿತ್ತು.

ಮೊದಲ ಕಾಮೆಂಟ್ ಏನು ಗೊತ್ತೇ?
"ನೆಟ್‌ನಾಗಿಂದು ತಗೊಂಡು ತನ್ನ ಹೆಸರು ಹಾಕ್ಯಾಳ."
ಬರೆದವರು ಹಿರಿಯ ಫೋಟೋಗ್ರಾಫರ್. ಹೆಸರು ಬೇಡ…
ಮತ್ತೆ ಬರೆದರು, "ಮದುವಿ ಜೋಡಿನ ಕಾಶ್ಮೀರದಾಗ ನಿಂದರ್ಸಾಕಿ ಇಕಿ. ಇದೂ ಹಂಗೇ."
ಅದರ ಕೆಳಗೆ ನಗುವ ಎಮೋಜಿಗಳ ಸಾಲು.

ನಾನು ಫೋನ್ ಮಾಡಿ, "ಬಿಟ್ಟುಬಿಡಕ್ಕಾ" ಎಂದೆ.
"ಯಾಕ ಬಿಡಬೇಕೋ? ಮದುವಿ ಜೋಡಿನೇ ಕಾಶ್ಮೀರ ಬೇಕಂದ್ರು, ಫೋಟೋದ ಹಿಂದ ಹಾಕಿ ಕೊಟ್ಟೀನಿ. ಇದು ನಾ ಆಕಾಶದಿಂದ ತಂದೀನಿ."

ತಮ್ಮ ಮೂಲ ಫೋಟೋಗಳನ್ನೆಲ್ಲ ಅದೇ ಗ್ರೂಪಿಗೆ ಸುರಿದರು. ಬಹುಪಾಲು ಬರೀ ಕಪ್ಪು… ಅಲುಗಿದ್ದು, ವಿಮಾನ ಗೆರೆ ಎಳೆದದ್ದು, ಲೆನ್ಸಿಗೆ ಇಬ್ಬನಿ ಕಟ್ಟಿದ್ದು. ಜೊತೆಗೊಂದು ವಾಯ್ಸ್ ಮೆಸೇಜ್.
"ನಾಳಿ ಸಂಜೀಕ ನಮ್ಮ ಹೊಲಕ್ಕ ಬರ್ರಿ. ಖುಲ್ಲಾ ಆಕಾಶ ಅದ. ನಿಮ್ಮ ಕಣ್ಣ ಮುಂದ ತಗದು ತೋರಸ್ತೀನಿ."

ಆ ಹಿರಿಯರು ಬಂದರು. ನಾನೂ ಹೋದೆ.
ಚಳಿಗಾಲ. ತೊಗರಿ ಕೊಯ್ದ ಹೊಲ. ಹೊತ್ತು ಮುಳುಗಿ ಕತ್ತಲಾಗುತ್ತಿದ್ದಂತೆ ಅಕ್ಕ ಕ್ಯಾಮೆರಾ ಹೂಡಿದರು. ಅಕ್ಕನ ಅವ್ವ ಎಲ್ಲರಿಗೂ ಚಹಾ ಕೊಟ್ಟರು.
ಲ್ಯಾಪ್‌ಟಾಪಿನಲ್ಲಿ ಮೊದಲ ಫೋಟೋ… ಬೂದಿ ಮೆತ್ತಿದಂಥ ಒಂದು ಕಲೆ.
"ಇಷ್ಟೇ ಏನು?" ಎಂದರು ಹಿರಿಯರು.
"ತಡೀರಿ ಸಾಹೇಬ್ರ."
ಅಕ್ಕ ಪೇರಿಸುತ್ತ ಹೋದರು. ಕಪ್ಪಿನೊಳಗಿಂದ ಗುಲಾಬಿ ಮೆಲ್ಲಗೆ ಎದ್ದು ಬಂತು…
ಅವರು ಸ್ಕ್ರೀನಿಗೆ ಬಗ್ಗಿದರು. "ಈ ಬಣ್ಣ?"
"ಬಣ್ಣ ನಾ ಹಚ್ಚಿಲ್ರಿ. ಅಲ್ಲೇ ಅದ. ಮ್ಯಾಲಿನ ಧೂಳ ಝಾಡಿಸೀನಿ, ಅಷ್ಟೇ."

ಹಿರಿಯರು ಸ್ಕ್ರೀನಿನಿಂದ ತಲೆ ಎತ್ತಿ, "ತಪ್ಪಾತು ತಂಗಿ" ಎಂದರು.
ನಾನಾಗಿದ್ದರೆ ಕರಗಿಬಿಡುತ್ತಿದ್ದೆ. ಅಕ್ಕ ಕರಗಲಿಲ್ಲ.
"ಇಲ್ಲಿ ಹೇಳಬ್ಯಾಡ್ರಿ. ಗ್ರೂಪಿನಾಗ ಅಂದೀರಿ, ಗ್ರೂಪಿನಾಗೇ ಹೇಳ್ರಿ."
ಅವರು ಹೊಲದಲ್ಲೇ ನಿಂತು ಟೈಪ್ ಮಾಡಿದರು. ಕಳಿಸಿದ ಮೇಲೆಯೇ ಅಕ್ಕ ನಕ್ಕಿದ್ದು…

ಅಕ್ಕಾ…
ನಿನ್ನ ಸುದ್ದಿ ಗ್ರೂಪಿಗೆ ಬಂದು ಇನ್ನೂ ತಾಸಾಗಿರಲಿಲ್ಲ. ಯಾರೋ ಬರೆದರು, "ಹೊತ್ತಲ್ಲದ ಹೊತ್ತಿನಾಗ ಹೊಲದಾಗ ಕುಂತು ಜೀವ ಕಳ್ಕೊಂಡ್ಳು. ಏನ್ ಸಿಕ್ತು ಅದ್ರಿಂದ?"

ಏನು ಸಿಕ್ಕಿತು?
ನಿನ್ನ ಪರವಾಗಿ ನಾನು ಹೇಳುತ್ತೇನೆ ಅಕ್ಕಾ.
ನಮ್ಮ ಬಸವಕಲ್ಯಾಣದ ಪಕ್ಕದ ನಾರಾಯಣಪುರದ ಹಳೇ ಗುಡಿಯ ಹಿಂದಿನ ಬಯಲಿನಲ್ಲಿ ನೀನು ಕೆಂಪು ರೋಸೆಟ್ ನೀಹಾರಿಕೆ ತೆಗೆದೆ. ಚಿತ್ರದ ಕೆಳಗೆ ಊರಿನ ಹೆಸರೂ ಬರೆದು ಇಂಟರ್ನೆಟ್ಟಿಗೆ ಹಾಕಿದೆ. ನಮ್ಮ ಭಾಷೆ ಬಾರದ ಜನ ನಾರಾಯಣಪುರ ಎಲ್ಲಿದೆ ಎಂದು ಹುಡುಕಿದರು.
ಕೇಳಿದವರಿಗೆಲ್ಲ ನಿನ್ನ ಫೈಲುಗಳನ್ನೇ ಕೊಟ್ಟೆ. ಕದಿಯುತ್ತಾರೆ ಎಂದು ನಾನು ಹೆದರಿಸಿದೆ.
"ಒಯ್ಲಿ ಬಿಡೋ. ನನಗಿಂತ ಛಲೋ ಮಾಡಿದ್ರ ನಾನೂ ನೋಡ್ತೀನಿ" ಎಂದೆ ನೀನು.
ನಿನಗೆ ನೋಡಬೇಕು ಅನಿಸಿದ್ದನ್ನು ಯಾರ ಅಪ್ಪಣೆಯೂ ಇಲ್ಲದೆ ನೋಡಿದೆ. ಅದು ಸಿಕ್ಕಿತು.
ಎದೆಯ ಬೇನೆಗೆ ಆಕಾಶವನ್ನು ದೂರುವವರು ಈ ಪೋಸ್ಟಿಗೆ ಬರಬೇಡಿ. ಬಂದರೆ ಉತ್ತರ ಕೊಡುತ್ತೇನೆ.

ಮಧ್ಯಾಹ್ನ ಅಕ್ಕನ ಮನೆ ಮುಟ್ಟಿದಾಗ ಗೀತಾ ಶ್ರದ್ಧಾಂಜಲಿ ಬ್ಯಾನರ್ ಮಾಡಿಕೊಡು ಎಂದಳು. ಎಲ್ಲರಿಗೂ ಹಾಕುವಂತೆ ಬಿಳಿ ಮೋಡ, ಎರಡು ದೀಪ ಹಾಕಿ ಮೊಬೈಲಿನಲ್ಲಿ ಅಕ್ಕನ ಅವ್ವನಿಗೆ ತೋರಿಸಿದೆ.
ಬೆಳಗಿನಿಂದ ಅಳುತ್ತಿದ್ದ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ನೋಡಿದರು.
"ಇವು ಯಾರ ಮೋಡಪಾ?"
"ರೆಡಿಮೇಡ್ ಬರ್ತಾವ ಅವ್ವಾ…"
"ತಗಿ. ನನ್ನ ಮಗಳು ತಗದ ಮೋಡ ಹಾಕು."
ರೋಸೆಟ್ ಹಾಕಿ ತೋರಿಸಿದೆ. ಪಕ್ಕದಲ್ಲಿದ್ದ ಸಂಬಂಧಿಕರೊಬ್ಬರು, "ಸಾವಿನ ಮನಿಗಿ ಕೆಂಪು ಬ್ಯಾಡ್ರಿ, ಬಿಳಿ ಮಾಡ್ಸ್ರಿ" ಎಂದರು.
ಅವ್ವ ನನ್ನ ಕಡೆಗೇ ನೋಡುತ್ತ ಹೇಳಿದರು, "ಕೆಂಪು ಅದಂದ್ರ ಕೆಂಪೇ ಇರ್ಲಿ. ಬದಲ್ ಮಾಡಬ್ಯಾಡ."

ಈಗಷ್ಟೇ ಮಣ್ಣು ಮಾಡಿ ಬಂದೆವು…
ಹುಮನಾಬಾದಿನ ಮನೆಯ ಮುಂದೆ ಬ್ಯಾನರ್ ನಿಂತಿದೆ. ಅಕ್ಕನ ಮುಖ, ಹಿಂದೆ ಅಷ್ಟಗಲ ರೋಸೆಟ್. ಓಣಿಯವರು ನಿಂತು ನೋಡುತ್ತಿದ್ದಾರೆ.
"ಇದೇನವ್ವಾ, ಹೂವಾ?" ಎಂದು ಒಬ್ಬ ಅಜ್ಜಿ ಕೇಳಿದರು.
ಅತ್ತೂ ಅತ್ತೂ ಗೀತಾಳ ದನಿ ಬಿದ್ದಿತ್ತು. ಆದರೂ ಎಲ್ಲರಿಗೂ ಕೇಳುವಂತೆ ಹೇಳಿದಳು,
"ಹೂ ಅಲ್ರಿ. ನೀಹಾರಿಕೆ. ನಮ್ಮ ಅಕ್ಕ ತಗದದ್ದು."

ಹೋಗಿ ಬಾ ಅಕ್ಕಾ…
ನಿನ್ನ ಜೀವಕ್ಕೆ ಇನ್ನು ಶಾಂತಿ ಇರಲಿ.
ಜಗಳ ನಾವು ನೋಡಿಕೊಳ್ಳುತ್ತೇವೆ. 🙏