ಹುಲ್ಲಿಗೊಂದು ಪುಟ

2019ರ ಕೊನೆ. ಅಜ್ಜಂಪುರ ತಾಲ್ಲೂಕಾಗಿ ಹೆಚ್ಚು ದಿನವಾಗಿರಲಿಲ್ಲ. ಶಿವನಿ ಕಡೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ನಾನು ಅಭಿವೃದ್ಧಿ ಅಧಿಕಾರಿ, ಜನರ ಬಾಯಲ್ಲಿ ಪಿಡಿಒ ಮೇಡಂ. ಕೇಂದ್ರ ಸರ್ಕಾರ ಜೀವವೈವಿಧ್ಯ ಕಾಯ್ದೆ ಮಾಡಿದ್ದು 2002ರಲ್ಲಿ. ಅದರ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಊರಿನ ಗಿಡ, ಹುಲ್ಲು, ಪ್ರಾಣಿ, ಹಕ್ಕಿಗಳ ವಿಷಯವನ್ನು ಊರಿನವರನ್ನೇ ಕೇಳಿ ಬರೆಯುವ ಪುಸ್ತಕ ಅದು. ಹದಿನೇಳು ವರ್ಷ ಯಾರಿಗೂ ನೆನಪಾಗದ ಆ ಪುಸ್ತಕವನ್ನು ಜನವರಿಯೊಳಗೆ ಮುಗಿಸಿ ಎಂದು ಮೇಲಿನಿಂದ ಗಡುವು ಬಂತು.

ಗಡುವು ಬಂದರೆ ನಮ್ಮ ಕಚೇರಿಗಳಲ್ಲಿ ಏನಾಗುತ್ತದೋ ಅದೇ ಆಯಿತು. ಕೆಲಸ ಒಂದು ಏಜೆನ್ಸಿಗೆ ಹೋಯಿತು. ಅವರು ಊರಿಗೆ ಕಾಲಿಟ್ಟಿದ್ದನ್ನು ನಾನಂತೂ ನೋಡಲಿಲ್ಲ, ಪುಸ್ತಕ ಮಾತ್ರ ಬೈಂಡ್ ಆಗಿ ಬಂತು. ವಸತಿ ಯೋಜನೆಯ ಪಟ್ಟಿಯಲ್ಲಿ ಮುಳುಗಿದ್ದ ನಾನು ಪ್ರತಿ ಪುಟಕ್ಕೂ ಓದದೆ ಸಹಿ ಹಾಕಿದೆ. ನೆಪ ಹೇಳುತ್ತಿಲ್ಲ, ತಪ್ಪು ನನ್ನದೇ.

ಗ್ರಾಮಸಭೆಯಲ್ಲಿ ಅದನ್ನು ಓದಿ ಹೇಳಬೇಕಿತ್ತು. ಓದುತ್ತಾ ಹೋದಂತೆ ನನ್ನ ಮುಖ ಬಿಸಿಯಾಯಿತು. ನಮ್ಮ ಬಯಲುಸೀಮೆಯ ಊರಿನಲ್ಲಿ ಸಿಂಗಳೀಕವಿದೆಯಂತೆ, ಕಾಳಿಂಗಸರ್ಪವಿದೆಯಂತೆ! ಪಶ್ಚಿಮಘಟ್ಟದ ಮಳೆಕಾಡಿನ ಯಾವುದೋ ಊರಿನ ಪುಸ್ತಕಕ್ಕೆ ನಮ್ಮ ಹೆಸರು ಅಂಟಿಸಿದ್ದರು. ಕುರಿ ಮೇಯಿಸುವ ಸಿದ್ದಮ್ಮ, ಅರವತ್ತು ದಾಟಿದ ಹೆಂಗಸು, ಸಿಂಗಳೀಕ ಅಂದರೇನೆಂದು ಕೇಳಿದಾಗ ಸಭೆಯೆಲ್ಲ ನಕ್ಕಿತು.

ಕೊನೆಯ ಪುಟಕ್ಕೆ ಆ ನಗು ನಿಂತಿತು. ಊರಾಚೆಯ ಕಾವಲಿನ ಬಗ್ಗೆ, ಅಂದರೆ ತಲೆಮಾರುಗಳಿಂದ ದನ ಕುರಿ ಮೇಯುವ ಹುಲ್ಲುಗಾವಲಿನ ಬಗ್ಗೆ, ಹೀಗೆ ಬರೆದಿತ್ತು: ಪಾಳು ಭೂಮಿ, ವಿಶೇಷ ಜೀವಿಗಳಿಲ್ಲ, ಗಿಡ ನೆಡಲು ಸೂಕ್ತ. ಹಸಿರೀಕರಣದ ಹೆಸರಿನಲ್ಲಿ ಇಡೀ ಕಾವಲಿಗೆ ಬೇಲಿ ಹಾಕಿ ಅಕೇಶಿಯಾ ನೆಡುವ ಕಡತ ಆಗಲೇ ಓಡಾಡುತ್ತಿತ್ತು. ಅದಕ್ಕೆ ಬೇಕಿದ್ದದ್ದು ಈ ಒಂದು ಪುಟ.

ಸಿದ್ದಮ್ಮ ಎದ್ದು ನಿಂತಳು. "ಬೇಲಿ ಹಾಕುದ್ರೆ ನಮ್ ಕುರಿ ಎಲ್ಲೋಗ್ಬೇಕವ್ವಾ? ಆ ಜಿಂಕೆಗೋಳು ಎಲ್ಲೋಗ್ಬೇಕು? ಮರದ್ ನೆಳ್ಳು ಬಿದ್ರೆ ಕರಡದ್ ಹುಲ್ಲು ಹುಟ್ಟಲ್ಲ ಕಣವ್ವಾ. ಪಾಳು ಅಂತ ಬರ್ದೋರು ಯಾರು?"

ಬರೆದವರು ಯಾರೋ, ಸಹಿ ನನ್ನದು. ನಾಚಿಕೆಯಾಯಿತು, ಸಿಟ್ಟೂ ಬಂತು. ಅಲ್ಲೇ ಕೂತು ಒಂದೊಂದೇ ಪುಟದಲ್ಲಿ ನನ್ನ ಸಹಿ ಹೊಡೆದುಹಾಕಿ, ಪಕ್ಕದಲ್ಲಿ "ಒಪ್ಪಿಲ್ಲ" ಎಂದು ಬರೆದೆ.

ಮರುದಿನವೇ ಮೇಲಧಿಕಾರಿಯ ಫೋನು. "ಜುಜುಬಿ ಹುಲ್ಲಿಗೆ ನೌಕರಿ ಕಳ್ಕೊಳ್ತೀರಾ ಮೇಡಂ?"

"ಹುಲ್ಲಿದೆ ಅಂತ ಬರೆಯೋಕೂ ಆಗದಿದ್ರೆ ಈ ನೌಕರಿ ಯಾಕೆ ಸರ್?" ಎಂದೆ. ವಾರದೊಳಗೆ ಕಾರಣ ಕೇಳಿ ನೋಟಿಸ್ ಬಂತು. ಮಡಚಿ ಬ್ಯಾಗಿಗೆ ಹಾಕಿಕೊಂಡು ಸಿದ್ದಮ್ಮನ ಹಿಂದೆ ಕಾವಲಿಗೆ ನಡೆದೆ.

ಮೂರು ವಾರ ನಡೆದೆವು. ಕರಡ, ಗರಿಕೆ, ಬಾದೆ ಎಂದು ಅವಳು ಹುಲ್ಲುಗಳ ಹೆಸರು ಹೇಳಿದಳು, ನಾನು ಬರೆದೆ. ಗೌಜಲಹಕ್ಕಿ ಮೊಟ್ಟೆಯಿಡುವ ಜಾಗ, ಕೃಷ್ಣಮೃಗದ ಹಿಂಡು ಬಿಸಿಲಿಗೆ ನಿಲ್ಲುವ ದಿಣ್ಣೆ, ಎಲ್ಲವೂ ಅವಳಿಗೆ ಗೊತ್ತಿತ್ತು. ಕಲ್ಲುಗುಡ್ಡೆಯ ಹತ್ತಿರ ತೋಳದ ಗವಿ ತೋರಿಸಿದಾಗ, ಕುರಿ ತಿನ್ನುವ ಪ್ರಾಣಿಯನ್ನು ಬರೆಯಲು ನಾನೇ ಹಿಂಜರಿದೆ. ವರ್ಷಕ್ಕೊಂದೆರಡು ಕುರಿಮರಿಗಳನ್ನು ತೋಳದ ಪಾಲೆಂದು ಬಿಡುವುದು ಅವರ ಮನೆಯ ರೂಢಿಯಂತೆ.

"ತ್ವಾಳಾನೂ ಬರ್ಕಳವ್ವಾ," ಎಂದಳು. "ನಮ್ ಮರಿ ತಿಂತದೆ, ದಿಟ. ಆದ್ರೂ ಅದು ಈ ಕಾವಲ್ದೇ."

ಗಡುವು ಮೀರಿ ಹೋಯಿತು. ನೋಟಿಸಿಗೆ ಉತ್ತರವಾಗಿ ಹೊಸ ಪುಸ್ತಕವನ್ನೇ ಲಗತ್ತಿಸಿ ಕಳಿಸಿದೆ. ಕೃಷ್ಣಮೃಗವೂ ತೋಳವೂ ಕೇಂದ್ರದ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಜೀವಿಗಳು. ಅವು ಇವೆಯೆಂದು ದಾಖಲಾದ ಜಾಗಕ್ಕೆ ಬೇಲಿ ಹಾಕಿಸಲು ಯಾವ ಅಧಿಕಾರಿಯೂ ಮುಂದಾಗಲಿಲ್ಲ, ಗಿಡ ನೆಡುವ ಕಡತ ಅಲ್ಲಿಗೆ ನಿಂತಿತು. ಸರ್ಕಾರದ ಒಂದು ಯೋಜನೆಯನ್ನು ಸರ್ಕಾರದ್ದೇ ಕಾಯ್ದೆ ತಡೆಯಿತು, ನಡುವೆ ಸಿದ್ದಮ್ಮನ ಮಾತಿತ್ತು.

ನನ್ನನ್ನು ಕಡೂರಿನ ಕಡೆಗೆ ವರ್ಗ ಮಾಡಿದರು. ಹೊರಡುವ ದಿನ ಸಿದ್ದಮ್ಮ ಬಸ್ಸಿನ ತನಕ ಬಂದಳು. "ಆ ಪುಸ್ತ್ಕದಾಗೆ ನಮ್ ಹುಲ್ಲು ಐತಲ್ಲವ್ವಾ?" ಎಂದು ಮತ್ತೊಮ್ಮೆ ಕೇಳಿದಳು. ಇದೆ ಎಂದೆ. "ಹಂಗಾದ್ರೆ ಹೋಗ್ಬಾ," ಎಂದಳು.

ದೆಹಲಿಯಲ್ಲಿ ಎಷ್ಟು ದೊಡ್ಡ ಕಾಯ್ದೆ ಮಾಡಿದರೂ ಅದು ಕೊನೆಗೆ ಬಂದು ನಿಲ್ಲುವುದು ಯಾವುದೋ ಪಂಚಾಯಿತಿಯ ಮೇಜಿನ ಮೇಲೆ, ನನ್ನಂಥವರ ಪೆನ್ನಿನ ಮುಂದೆ. ನಿವೃತ್ತಿಯಾಗುವವರೆಗೂ ನಾನು ಮತ್ತೆಂದೂ ಓದದೆ ಸಹಿ ಹಾಕಲಿಲ್ಲ. ಕಚೇರಿಯಲ್ಲಿ ನಿಧಾನದ ಮೇಡಂ ಎಂದು ಹೆಸರು ಬಿತ್ತು. ಬೀಳಲಿ.